ಚಾಪೆಯ ಮೇಲಿನ ಆರನೇ ಸ್ಟಿಕ್

"ಬಿಡಬ್ಯಾಡ. ಕಾಲಾಗ ಒತ್ತಿ ಹಿಡಿ."

ಮೊಮ್ಮಗಳು ಉಮೈಮಾ ಹಾಕಿ ಸ್ಟಿಕ್ಕಿನ ಹಿಡಿಯನ್ನು ಪಾದದಡಿ ಅದುಮಿ ನಿಂತಿದ್ದಾಳೆ. ಹಮೀದುನ್ನೀಸಾ ಎಡಗೈಯಿಂದ ಟೇಪು ಎಳೆಯುತ್ತ, ಬಲಗೈಯಿಂದ ಅದನ್ನು ಬಾಗಿದ ತುದಿಗೆ ಸುತ್ತುತ್ತಿದ್ದಾರೆ. ಟೇಪು ಸರಿಯಾಗಿ ಬಿಗಿದಾಗ ಹೊಸ ಚಪ್ಪಲಿ ಮೆಟ್ಟಿ ನಡೆದಂಥ ಒಂದು ಸದ್ದು ಬರಬೇಕು. ಬಾರದಿದ್ದರೆ ಬಿಚ್ಚಿ ಮತ್ತೆ ಸುತ್ತಬೇಕು. ಬಂತು.

"ಇದು ಯಾರ್ದು?" ಹೊರಸಿನ ಮೇಲೆ ಕೂತ ಗಂಡ ಉಸ್ಮಾನಸಾಬ ಕೇಳುತ್ತಾರೆ.

"ಚಿಕ್ಕೇರೂರಿನ ವೀರವ್ವಂದು."

"ಅದಕ್ಕ ಮತ್ತ. ನಿನ್ನ ಮೊಮ್ಮಗಳದಾಗಿದ್ರ ಇಷ್ಟು ಸವೀತಿರಲಿಲ್ಲ."

"ನಾನಾ, ನಿನ್ನ ಚಾ ಆರೇತಿ," ಉಮೈಮಾ ಕಾಲು ತೆಗೆಯದೆ ಹೇಳುತ್ತಾಳೆ. "ಮೊದಲ ಅದನ್ನ ಕುಡಿ. ಆಮ್ಯಾಲೆ ಆಟದ ಮಾತು."

ಸವಣೂರಿನಲ್ಲಿ ಬೆಳಗಿನ ಐದೂ ಮುಕ್ಕಾಲು. ಹಮೀದುನ್ನೀಸಾ ಫಜರ್ ನಮಾಜು ಮುಗಿಸಿ ಅಂಗಳಕ್ಕೆ ಬಂದು ಅರ್ಧ ಗಂಟೆಯಾಗಿದೆ. ಚಾಪೆಯ ಮೇಲೆ ಎಂಟು ಹಾಕಿ ಸ್ಟಿಕ್‌ಗಳಿವೆ. ಪ್ರತಿಯೊಂದರ ಹಿಡಿಗೂ ಒಂದೊಂದು ಶಾಲೆಯ ಯೂನಿಫಾರಂ ಬಟ್ಟೆಯ ಚೂರು, ಅದರ ಮೇಲೆ ಪೆನ್ನಿನಲ್ಲಿ ಹೆಸರು. ಹಾನಗಲ್ಲಿನವು ಎರಡು, ಶಿಗ್ಗಾವಿಯವು ಎರಡು, ಸವಣೂರಿನವು ಎರಡು, ಹಿರೇಕೆರೂರು ತಾಲೂಕಿನವು ಎರಡು. ಹೆಣ್ಣುಮಕ್ಕಳ ವೃತ್ತಿಪರ ಹಾಕಿ ತಂಡ ಅಂತ ಈ ಭಾಗದಲ್ಲಿ ಇರುವುದು ವರದಾ ತಂಡ ಒಂದೇ. ಅದು ಹದಿನೆಂಟರ ಒಳಗಿನವರ ಪಟ್ಟಿಯನ್ನು ಇವತ್ತು ಬರೆಯುತ್ತದೆ. ಪಟ್ಟಿಯ ಮೊದಲ ಐವರಿಗೆ ಹುಬ್ಬಳ್ಳಿಯ ಶಿಬಿರದಲ್ಲಿ ಎರಡು ವರ್ಷ ಊಟ, ವಸತಿ, ತರಬೇತಿ. ಆರನೆಯವಳು ಮನೆಗೆ ಹೋಗುತ್ತಾಳೆ.

ಎಂಟರಲ್ಲಿ ಒಂದು ಸ್ಟಿಕ್ ಉಮೈಮಾಳದ್ದು. ಬರುವ ಜನವರಿಗೆ ಅವಳಿಗೆ ಹದಿನೆಂಟು ತುಂಬುತ್ತದೆ. ಅವಳಿಗೆ ಇದು ಕೊನೆಯ ಪಟ್ಟಿ.

ಹಮೀದುನ್ನೀಸಾಗೆ ಈಗ ಐವತ್ತಾರು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ, ಎಂಟೂವರೆಗೆ ಅಲ್ಲಿರಬೇಕು. ಅದಕ್ಕಿಂತ ಮುಂಚಿನ ಮೂರು ತಾಸು ಸ್ಟಿಕ್‌ಗಳಿಗೆ. ಆಟದ ಕಾಲದಲ್ಲಿ ತಿಂಗಳಿಗೆ ನಲವತ್ತರಿಂದ ನಲವತ್ತೈದು ಬರುತ್ತವೆ. ಒಂದಕ್ಕೆ ಇಪ್ಪತ್ತು ನಿಮಿಷದ ಕೆಲಸ, ಎರಡು ಸುತ್ತು ಟೇಪು, ಮೇಲೆ ಅಂಟು, ನೆರಳಿನಲ್ಲಿ ಒಂದು ಇಡೀ ದಿನ ಒಣಗಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ. ದೂರದ ಊರಿನವರು ಸ್ಟಿಕ್‌ಗಳನ್ನು ಕಟ್ಟು ಮಾಡಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಉಮೈಮಾ ಸ್ಟ್ಯಾಂಡಿಗೆ ಹೋಗಿ ತರುತ್ತಾಳೆ.

ಮೊದಲು ಈ ಕೆಲಸ ಉಸ್ಮಾನಸಾಬರದು. ಅವರು ಕೊಡಲಿ, ಗುದ್ದಲಿಗೆ ಕಾವು ಹಾಕುವ ಬಡಗಿ. ಹೈಸ್ಕೂಲಿನ ದೈಹಿಕ ಶಿಕ್ಷಕರೊಬ್ಬರು ಒಮ್ಮೆ ಮುರಿದ ಸ್ಟಿಕ್ ತಂದು ಮುಂದಿಟ್ಟರು. ಹನ್ನೊಂದು ವರ್ಷದ ಹಿಂದೆ ಉಸ್ಮಾನಸಾಬರಿಗೆ ಲಕ್ವಾ ಹೊಡೆದು ಬಲಗೈ ನಿಂತಿತು. ಅಂಗಡಿಯಲ್ಲಿ ಒಂಬತ್ತು ಸ್ಟಿಕ್ ಅರ್ಧಕ್ಕೆ ಬಿದ್ದಿದ್ದವು. ಹುಡುಗಿಯರು ಬಾಗಿಲಿಗೆ ಬಂದು ನಿಂತರು.

"ಕೇಳಾಕ ಬಂದಿದ್ರು ಅಷ್ಟ. ವಾಪಸ್ ಹ್ಯಾಂಗ ಕಳಸೂದು? ಇವರು ಹೊರಸಿನ ಮ್ಯಾಲಿಂದ ಹೇಳ್ಯಾರ, ನಾ ಸುತ್ತೇನಿ," ಹಮೀದುನ್ನೀಸಾ ಹೇಳುತ್ತಾರೆ. "ಮೊದಲನೇದು ಮೂರು ಸಲ ಬಿಚ್ಚಿಸಿದ್ರು."

"ನಾಕು ಸಲ," ಅಂತ ಉಸ್ಮಾನಸಾಬ.

ಹಮೀದುನ್ನೀಸಾ ಒಂದು ಹಾಕಿ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ನೋಡಿಲ್ಲ. ಪಂದ್ಯದ ಹೊತ್ತಿಗೆ ಅವರು ಒಲೆಯ ಮುಂದಿರುತ್ತಾರೆ. ಗೋಲಿಗೆ ಎಷ್ಟು ಅಂಕ ಎಂಬುದು ಗೊತ್ತು, ಉಳಿದ ನಿಯಮಗಳು ಅಷ್ಟಕ್ಕಷ್ಟೇ. ಆದರೂ ಪಟ್ಟಿ ಬರೆಯುವ ದಿನ ತಂಡದವರು ಈ ಅಂಗಳಕ್ಕೆ ಬರುತ್ತಾರೆ. ಯಾಕೆಂದರೆ ಹಮೀದುನ್ನೀಸಾ ಆಡುವವರನ್ನು ಬಿಟ್ಟು ಸ್ಟಿಕ್ ನೋಡುತ್ತಾರೆ.

"ಚಪ್ಪಲಿ ನೋಡಿದ್ರ ನಡಗಿ ತಿಳೀತೈತಿ. ಹಂಗ."

ವೀರವ್ವನ ಸ್ಟಿಕ್ ಎತ್ತಿ ತೋರಿಸುತ್ತಾರೆ. ಕೆಳಗಿನ ಕೈ ಹಿಡಿಯುವ ಜಾಗದಲ್ಲಿ ಗ್ರಿಪ್ ಹರಿದು ಕಟ್ಟಿಗೆ ಕಾಣುತ್ತಿದೆ. ಅಂದರೆ ಅವಳು ಬಗ್ಗಿ ಆಡುತ್ತಾಳೆ, ನಿಂತಲ್ಲೇ ಬೀಸುವವಳಲ್ಲ. ಬಾಗಿದ ತುದಿಯ ಮೂಗು ಸವೆದು ಮೊಂಡಾಗಿದೆ. ಎಡಗಡೆ ಬರುವ ಚೆಂಡನ್ನು ಹಿಡಿಯಲು ಸ್ಟಿಕ್ಕನ್ನು ಮಗುಚಬೇಕು. ಮಗುಚಿದಾಗ ಮೂಗು ನೆಲಕ್ಕೆ ತಾಗುತ್ತದೆ. ಮೂಗು ಸವೆದಿದೆ ಎಂದರೆ ಎಡಗಡೆಯನ್ನೂ ದುಡಿದಿದ್ದಾಳೆ.

ಉಮೈಮಾಳ ಸ್ಟಿಕ್ಕಿನಲ್ಲಿ ಹೊಡೆಯುವ ಜಾಗ ನುಣ್ಣಗಾಗಿದೆ. ಮೂಗಿನ ಮೇಲೆ ಅಂಗಡಿಯ ವಾರ್ನಿಶ್ ಹಾಗೇ ಹೊಳೆಯುತ್ತಿದೆ.

ಹಮೀದುನ್ನೀಸಾ ಯೋಗ್ಯತೆಯಂತೆ ಜೋಡಿಸಿದ ಚಾಪೆಯ ಸಾಲಿನಲ್ಲಿ ಅದು ಆರನೆಯದು.

ಹಮೀದುನ್ನೀಸಾ ಒಮ್ಮೆ ತಪ್ಪಿದ್ದಾರೆ. ಅದನ್ನು ಕೇಳುವ ಮೊದಲೇ ಹೇಳುತ್ತಾರೆ. ನಾಲ್ಕು ವರ್ಷದ ಹಿಂದೆ ಬಂಕಾಪುರದ ಮಾಸೂಮಾಳ ಸ್ಟಿಕ್ ನೋಡಿ ಅವಳನ್ನು ಒಂದನೇ ಜಾಗಕ್ಕೆ ಇಟ್ಟರು. ಅಂಥ ಸವೆತ ಅವರು ಅದುವರೆಗೆ ಕಂಡಿರಲಿಲ್ಲ. ಮಾಸೂಮಾ ಹುಬ್ಬಳ್ಳಿಗೆ ಹೋದಳು, ಮೂರು ತಿಂಗಳಿಗೆ ವಾಪಸ್ ಬಂದಳು. ಈ ಊರುಗಳಲ್ಲಿ ಅಕ್ಕ ಆಟ ಬಿಟ್ಟರೆ ಸ್ಟಿಕ್ ತಂಗಿಗೆ ಬರುತ್ತದೆ, ಹಳೇ ಪುಸ್ತಕ ಬಂದ ಹಾಗೆ. ಆ ಸ್ಟಿಕ್ಕನ್ನು ಐದು ವರ್ಷ ಸವೆಸಿದವಳು ಅಕ್ಕ ಫರ್ಜಾನಾ. ತಂಗಿಯ ಕೈಗೆ ಅದು ಬಂದು ಐದು ತಿಂಗಳಾಗಿತ್ತು. ಗೊತ್ತಾಗುವ ಹೊತ್ತಿಗೆ ಫರ್ಜಾನಾಗೆ ಹತ್ತೊಂಬತ್ತು.

"ಅಕ್ಕನ ದುಡಿಮಿ ನೋಡಿ ತಂಗೀನ ಕಳಿಸಿದೆ," ಹಮೀದುನ್ನೀಸಾ ಹೇಳುತ್ತಾರೆ. "ಫರ್ಜಾನಾ ಏನೂ ಅನ್ನಲಿಲ್ಲ. ಅಂದಿದ್ರ ಚಲೋ ಇತ್ತು."

ಅಂದವರು ಊರಿನವರು. ಬೇಕಾದವರನ್ನು ಮೇಲಿಡುತ್ತಾಳೆ ಎಂಬ ಮಾತು ಹುಟ್ಟಿತು. ಆ ವರ್ಷ ಬಂಕಾಪುರದ ಬಸ್ಸಿನಲ್ಲಿ ಒಂದೂ ಕಟ್ಟು ಬರಲಿಲ್ಲ. ಉಮೈಮಾ ದಿನಾ ಸ್ಟ್ಯಾಂಡಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದಳು. ಸ್ಟಿಕ್ಕಿಗೆ ಹೆಸರಿನ ಬಟ್ಟೆ ಕಟ್ಟುವ ಪದ್ಧತಿ ಅಲ್ಲಿಂದ ಶುರುವಾಯಿತು. ಸ್ಟಿಕ್ ಮೊದಲ ಸಲ ಬಂದಾಗ ಕೇಳುವ ಪ್ರಶ್ನೆಯೂ: ಇದು ಎಷ್ಟು ಮಂದಿ ಕೈಯಾಗ ಆಡೇತಿ? ಇಬ್ಬರು ಅಂದರೆ ಎರಡು ಗಂಟು. ಗಂಟು ಎರಡಿದ್ದರೆ ಹಮೀದುನ್ನೀಸಾ ಆ ಸ್ಟಿಕ್ ಬಗ್ಗೆ ಬಾಯಿ ಬಿಡುವುದಿಲ್ಲ. ಈ ಎಂಟಕ್ಕೂ ಒಂದೊಂದೇ ಗಂಟು.

ಏಳು ಗಂಟೆಗೆ ದೀಪ್ತಿ ಬರುತ್ತಾರೆ. ವರದಾ ತಂಡದ ಆಯ್ಕೆಗಾರ್ತಿ, ಮೂವತ್ತೊಂದು ವರ್ಷ, ಸ್ವತಃ ಆಡಿದವರು. ಮೂಲ ಸವಣೂರೇ, ಅಜ್ಜ ಸಂಸ್ಕೃತ ಪಾಠ ಹೇಳುತ್ತಿದ್ದವರು, ಅಪ್ಪನ ಕಾಲಕ್ಕೆ ಮನೆ ಧಾರವಾಡಕ್ಕೆ ಹೋಯಿತು. ಚಾಪೆಯ ಸಾಲು ನೋಡಿ ಅವರು ಫೋನು ತೆಗೆಯುತ್ತಾರೆ. ಮೂರು ದಿನದ ಆಯ್ಕೆ ಪಂದ್ಯಗಳ ಅಂಕಿ ಅದರಲ್ಲಿದೆ.

"ನಾನಿ, ಉಮೈಮಾಂದು ಐದು ಗೋಲು ಅದ. ಓಟದಾಗ ಎರಡನೇದು. ನನ್ನ ಲೆಕ್ಕದಾಗ ಮೂರನೇ ಜಾಗ. ವೀರವ್ವ ಒಂದ ಗೋಲು, ಏಳನೇ ಜಾಗ. ನೀವು ಅಕಿನ್ನ ಐದಕ್ಕ ಇಟ್ಟು ಇಕಿನ್ನ ಆರಕ್ಕ ತಂದೀರಿ."

"ಐದು ಗೋಲು ಯಾವ ಕಡಿಂದ ಹೊಡದಾಳ?"

ದೀಪ್ತಿ ಫೋನು ನೋಡುತ್ತಾರೆ. "ಬಲಗಡಿಂದ."

"ಐದೂ?"

"ಐದೂ."

"ಹುಬ್ಬಳ್ಳ್ಯಾಗ ಎಲ್ಲಾರೂ ಅಕಿಗೆ ಬಲಗಡೆನ ಚೆಂಡು ಕೊಡ್ತಾರೇನ್ರಿ?"

"ಗೋಲು ಹೊಡಿಯೋರು ಬೇಕು ನಾನಿ. ಎಡಗಡೆ ಕಲಿಸಬಹುದು."

"ಕಲಸ್ಬಹುದು. ನಾನೂ ಮೂರು ವರ್ಷ ಹೇಳೇನಿ, ಮೂಗಿನ ವಾರ್ನಿಶ್ ಹೋಗಿಲ್ಲ."

ಉಮೈಮಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ. "ನನ್ನ ಮುಂದ ನನ್ನ ಹೆಣಾನ ತೂಗಾಕತ್ತೀರಿ," ಅನ್ನುತ್ತಾಳೆ. "ಗ್ರೌಂಡಿಗೆ ಬರ್ರಿ. ಆಡಿ ತೋರಸ್ತೇನಿ."

ಶಾಲೆಯ ಮೈದಾನ ಎರಡು ಓಣಿ ಆಚೆ. ಆಯ್ಕೆಗೆ ಬಂದ ಉಳಿದ ಏಳು ಹುಡುಗಿಯರು ಅಲ್ಲೇ ಇದ್ದಾರೆ. ಹಮೀದುನ್ನೀಸಾ ಹೋಗುವುದಿಲ್ಲ. ಒಲೆ ಹಚ್ಚುವ ಮುಂಚೆ ಇನ್ನೂ ಎರಡು ಸ್ಟಿಕ್ ಮುಗಿಯಬೇಕು.

ದೀಪ್ತಿ ಉಮೈಮಾ, ವೀರವ್ವ ಇಬ್ಬರಿಗೂ ಶಾಲೆಯ ಸ್ಟಿಕ್ ಕೊಟ್ಟು ಎಡಗಡೆಗೆ ಹತ್ತು ಹತ್ತು ಚೆಂಡು ತಳ್ಳುತ್ತಾರೆ. ಉಮೈಮಾ ನಾಲ್ಕನ್ನು ಹಿಡಿಯುತ್ತಾಳೆ. ಉಳಿದ ಆರಕ್ಕೆ ಮೈ ತಿರುಗಿಸಿ ಬಲಗಡೆಗೆ ಬರುವಷ್ಟರಲ್ಲಿ ಚೆಂಡು ದಾಟಿರುತ್ತದೆ. ವೀರವ್ವ ಒಂಬತ್ತು ಹಿಡಿಯುತ್ತಾಳೆ. ಹದಿನಾರು ವರ್ಷದ, ಗಿಡ್ಡ ಹುಡುಗಿ. ಎಲ್ಲಿ ಕಲಿತೆ ಅಂದರೆ ನಗುತ್ತಾಳೆ.

"ಕಲ್ತಿಲ್ರಿ. ನಮ್ಮೂರ ಗ್ರೌಂಡಿನ ಬಲಕ್ಕ ಒಕ್ಕಲತನದ ಕಣ ಐತ್ರಿ. ಚೆಂಡು ಅತ್ಲಾಗ ಹ್ವಾದ್ರ ಬೈತಾರ. ಹಂಗಾಗಿ ಎಲ್ಲಾರೂ ಎಡಗಡೆನ ಆಡ್ತೇವಿ."

ಉಮೈಮಾ ಅವಳ ಹೆಗಲಿಗೆ ಒಂದು ಗುದ್ದು ಕೊಡುತ್ತಾಳೆ. ಜೋರಾಗಿಯೇ. ಆಮೇಲೆ ಚೆಂಡುಗಳನ್ನು ಆರಿಸಲು ಹೋಗುತ್ತಾಳೆ. ದೀಪ್ತಿ ಫೋನಿನಲ್ಲಿ ವೀರವ್ವನ ಹೆಸರನ್ನು ಐದಕ್ಕೆ ಏರಿಸುತ್ತಾರೆ, ಉಮೈಮಾಳದ್ದನ್ನು ಆರಕ್ಕೆ ಇಳಿಸುತ್ತಾರೆ. ಮೈದಾನದ ಅಂಚಿನಲ್ಲಿ ನಿಂತು ಹುಬ್ಬಳ್ಳಿಗೆ ಫೋನು ಮಾಡುತ್ತಾರೆ. ಮಾತು ಉದ್ದವಾಗುತ್ತದೆ.

ಅಂಗಳದಲ್ಲಿ ಎಂಟು ಸ್ಟಿಕ್‌ಗಳು ನೆರಳಿಗೆ ಸರಿದಿವೆ. ಎಂಟು ಗಂಟೆಗೆ ಉಮೈಮಾ ಬಸ್ ಸ್ಟ್ಯಾಂಡಿನಿಂದ ಹೊಸ ಕಟ್ಟು ತಂದು ಚಾಪೆಗೆ ಹಾಕುತ್ತಾಳೆ. ಬಂಕಾಪುರದ್ದು, ಆರು ಸ್ಟಿಕ್. ಕಟ್ಟಿನಿಂದ ಒಂದನ್ನು ತೆಗೆದು ಹಿಡಿಯನ್ನು ಪಾದದಡಿ ಒತ್ತಿ ನಿಲ್ಲುತ್ತಾಳೆ. ಅಜ್ಜಿ ಟೇಪು ಹಚ್ಚುತ್ತಾರೆ.

"ಎಷ್ಟು ಹಿಡದಿ?" ಉಸ್ಮಾನಸಾಬ ಕೇಳುತ್ತಾರೆ.

"ನಾಕು."

"ನಾ ಎರಡು ಅನ್ಕೊಂಡಿದ್ದೆ," ಅನ್ನುತ್ತಾರೆ. ತಮ್ಮ ಎರಡನೇ ಚಹಾದ ಬಟ್ಟಲನ್ನು ಎಡಗೈಯಿಂದ ಅವಳ ಕಡೆ ಸರಿಸುತ್ತಾರೆ. ಅವಳು ಒಂದು ಗುಟುಕು ಕುಡಿದು ವಾಪಸ್ ಇಡುತ್ತಾಳೆ.

ದೀಪ್ತಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ.

"ನಾನಿ, ನೀವು ಹೇಳಿದ್ದ ಖರೆ ಆತು. ಪಟ್ಟಿ ನಿಮ್ಮ ಚಾಪಿ ಮ್ಯಾಲೆ ಇದ್ದಂಗ ಬರದೇನಿ." ಫೋನು ಒಳಗಿಡುತ್ತಾರೆ. "ಹುಬ್ಬಳ್ಳಿಗೆ ಮಾತಾಡಿದೆ. ಇಷ್ಟು ವರ್ಷ ಆತು ನೀವು ನಮಗ ಹುಡುಗ್ಯಾರನ್ನ ತೋರಸಾಕತ್ತು, ತಂಡ ನಿಮಗ ಒಂದು ಶಾಲು ಸುದ್ದಾ ಹೊಚ್ಚಿಲ್ಲ. ಈ ಸಲ ಆರನೇ ಜಾಗ ಒಂದು ಕೊಡ್ತಾರಂತ. ನಿಮ್ಮ ಹೆಸರಿನ ಮ್ಯಾಲೆ. ಉಮೈಮಾ ಬರಲಿ."

ಹಮೀದುನ್ನೀಸಾ ಸುತ್ತುತ್ತಲೇ ಇದ್ದಾರೆ. ಟೇಪು ಕೊನೆಯವರೆಗೆ ಹೋಗುತ್ತದೆ. ಸದ್ದು ಬರುವುದಿಲ್ಲ. ಬಿಚ್ಚಿ ಮತ್ತೆ ಸುತ್ತುತ್ತಾರೆ. ಎರಡನೇ ಸಲವೂ ಬರುವುದಿಲ್ಲ.

"ನಾ ಬ್ಯಾಡ ಅನ್ನಾಕ ಆಗವಲ್ದು," ಹಮೀದುನ್ನೀಸಾ ಕೊನೆಗೆ ಹೇಳುತ್ತಾರೆ. "ಅಕಿನ್ನ ಕೇಳ್ರಿ."

ದೀಪ್ತಿ ಉಮೈಮಾಳ ಕಡೆ ತಿರುಗುತ್ತಾರೆ. ಉಮೈಮಾ ಪಾದದಡಿಯ ಸ್ಟಿಕ್ಕನ್ನು ನೋಡುತ್ತಿದ್ದಾಳೆ, ಅದರ ಹಿಡಿಗೆ ಕಟ್ಟಿದ ಬಂಕಾಪುರದ ಶಾಲೆಯ ಬಟ್ಟೆಯನ್ನು. ಕಾಲು ತೆಗೆಯುವುದಿಲ್ಲ.

"ಬಂಕಾಪುರದ ಬಸ್ಸಿನಿಂದ ಮತ್ತ ಬರಿಗೈಲೆ ಬರಾಕ ನಾ ಒಲ್ಲೆರಿ."