ಕೀಬೋರ್ಡಿನ ಮೇಲಿನ ಬೂದಿ

ಕಾಕಾನ ಕೀಬೋರ್ಡಿನ ಮೇಲೆ ಯಾವಾಗಲೂ ಬೂದಿ ಇರುತ್ತಿತ್ತು. ಒಲೆಯ ಬೂದಿಯನ್ನು ಸೋಸಿ ತೆಂಗಿನ ಚಿಪ್ಪಿನಲ್ಲಿ ಇಟ್ಟುಕೊಂಡು, ಹೆಬ್ಬೆರಳಿಗೂ ತೋರುಬೆರಳಿಗೂ ಹಚ್ಚಿ ಅವರು ನೂಲು ಹೊಸೆಯುತ್ತಿದ್ದರು. ಹೊಸೆದು ಹೊಸೆದು ಬೆರಳ ತುದಿಯ ಗೆರೆಗಳು ಅಳಿಸಿ, ಚರ್ಮ ಹುಣಸೆಬೀಜದ ಹಾಗೆ ನುಣುಪಾಗಿತ್ತು. ಅದೇ ಕೈಯಲ್ಲಿ ಕಂಪ್ಯೂಟರ್ ಮುಟ್ಟುವವರು. ಹೆಚ್ಚು ಬಳಸುವ ಕೀಲಿಗಳು ಯಾವುವೆಂದು ಬೂದಿ ನೋಡಿಯೇ ಹೇಳಬಹುದಿತ್ತು.

ಬೆಟಗೇರಿಯ ನಮ್ಮ ಓಣಿಯಲ್ಲಿ ಅವರದು ಎದುರು ಮನೆ. ನಮಗೆ ಸಂಬಂಧಿಕರಲ್ಲ, ಆದರೆ ಓಣಿಯ ಹುಡುಗ ಹುಡುಗಿಯರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಸೀರೆ ನೇಯುವುದು ಅವರ ಉದ್ಯೋಗ. ಮಂದಿ ಬೇಡವೆಂದು ಬಿಟ್ಟ ಕಂಪ್ಯೂಟರ್, ರೇಡಿಯೋ, ಫೋನುಗಳನ್ನು ಬಿಚ್ಚಿ ಜೋಡಿಸುವುದು ಹುಚ್ಚು. ಕುಣಿಮಗ್ಗದ ಪಕ್ಕದಲ್ಲೇ ಗಿಡ್ಡ ಹಲಗೆಯ ಮೇಲೆ ಮಾನಿಟರ್. ಕಾಲು ಕುಣಿಯೊಳಗೆ ಇಳಿಬಿಟ್ಟು ಕೂತರೆ ಮುಂದೆ ಸೀರೆ, ಸೊಂಟ ತಿರುಗಿಸಿದರೆ ಕಂಪ್ಯೂಟರ್. ಒಂದು ಕುರ್ಚಿ ತರಬಾರದೇ ಎಂದು ಕೇಳಿದ್ದೆ. "ಕಾಲು ಕುಣ್ಯಾಗ ಇದ್ರನ ನನ್ನ ತಲಿ ನಡೀತೈತಿ" ಅಂದರು.

ಹಳೆಯ ಯಂತ್ರಗಳನ್ನು ಕೂಡಿಡುವವರಿಗೆ ಹಳೆಯದೆಲ್ಲ ಚಿನ್ನ ಎಂದು ನಾನು ತಿಳಿದಿದ್ದೆ. ಕಾಕಾ ಹಾಗಿರಲಿಲ್ಲ. ಟೇಪ್ ರೆಕಾರ್ಡರ್ ಕಂಡರೆ ಅವರಿಗಾಗುತ್ತಿರಲಿಲ್ಲ. "ರೀಲು ನುಂಗಿ ನುಂಗಿ ನನ್ನ ಅರ್ಧ ವಯಸ್ಸು ತಿಂತು. ಹಳೇದಂತ ಅದಕ್ಕ ಕೈ ಮುಗೀಲೇನು?" ಪೆನ್ ಡ್ರೈವ್ ಎಂದರೆ ಪ್ರೀತಿ, ಎರಡನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಹೊಸ ಫೋನಿನ ಬಗ್ಗೆ ಅವರ ಅಭಿಪ್ರಾಯ ಓಣಿಗೆಲ್ಲ ಗೊತ್ತಿತ್ತು. "ಇದು ಬೀಗರ ಇದ್ದಂಗ. ಮೊದಲನೇ ದಿನ ಭಾಳ ಚಂದ. ಆಮ್ಯಾಲ ದಿನಾ ಎದ್ದ ಕೂಡಲೇ ಏನರೆ ಒಂದು ಕೇಳತೈತಿ." ಅದೂ ಅಲ್ಲದೆ, ಬೂದಿ ಹಿಡಿದ ಒಣ ಬೆರಳನ್ನು ಫೋನಿನ ಗಾಜು ಗುರುತಿಸುತ್ತಿರಲಿಲ್ಲ. ನಾಲ್ಕು ಸಲ ಒತ್ತಿ, ಐದನೆಯ ಸಲ ಅಡಿಗೆಮನೆಯ ಕಡೆ ಚಾಚುತ್ತಿದ್ದರು: "ಏ, ನೀ ಒತ್ತು. ನಾ ಮನಷ್ಯಾ ಅಂತ ಇದಕ್ಕ ಇನ್ನೂ ಖಾತ್ರಿ ಆಗಿಲ್ಲ." ಕಾಕು ಒಳಗಿನಿಂದಲೇ, "ನನಗೂ ಆಗಿಲ್ಲ, ತರ್ರಿ ಇಲ್ಲೆ" ಅನ್ನುವರು.

ಅಡ್ಡನೂಲು ಒಯ್ಯುವ ಲಾಳಿಯ ನೆಪದಲ್ಲಿ ವೇಗದ ಬಗ್ಗೆಯೂ ಒಂದು ಮಾತು ಅಂದಿದ್ದರು: "ಲಾಳಿ ಜಲ್ದಿ ಓಡಿದ್ರ ಸೀರಿ ಜಲ್ದಿ ಆಗಂಗಿಲ್ಲ, ಎಳಿ ಜಲ್ದಿ ಹರೀತೈತಿ." ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ನಾನು ಲ್ಯಾಪ್‌ಟಾಪ್ ಕೊಂಡಾಗ ಮೊದಲು ತೋರಿಸಿದ್ದು ಅವರಿಗೇ. ಅಂದು ಅವರು ಹೊಸ ಹಾಸನ್ನು, ಅಂದರೆ ಸೀರೆಯ ಉದ್ದನೆಯ ಎಳೆಗಳನ್ನು, ಕೆಚ್ಚುತ್ತಿದ್ದರು. ಮಗ್ಗದ ಮೇಲಿನ ಹಾಸು ತೀರುತ್ತ ಬಂದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಒಂದು ಮೊಳ ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುತ್ತಾರೆ. ಸಾವಿರಾರು ಎಳೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿ ಕಾಕಾ ಕೇಳಿದ್ದು ಒಂದೇ ಪ್ರಶ್ನೆ.

"ಹಳೇದನ್ನ ಏನ ಮಾಡ್ದಿ?"

"ಮಂಚದ ಬುಡಕ ಇಟ್ಟೀನಿ ಕಾಕಾ."

"ಅದರಾಗಿಂದೆಲ್ಲಾ ಇದರಾಗ ಬಂತೇನು? ಹೊಸದು ಬಂತಂತ ಹಳೇದನ್ನ ಕತ್ತರಸಬ್ಯಾಡವಾ. ಮೊದಲ ಕೆಚ್ಚು. ಎಂಟ ದಿನ ಎರಡೂ ನಡೀಲಿ."

ಹೂಂ ಅಂದೆ. ಮಾಡಲಿಲ್ಲ.

ಆಗ ನಾನು ಸಂಶೋಧನೆಯ ಕೊನೆಯ ಹಂತದಲ್ಲಿದ್ದೆ. ಲಕ್ಷ್ಮೇಶ್ವರ, ಶಿರಹಟ್ಟಿಯ ಕಡೆ ಕಾಳು ಹಸನು ಮಾಡುವ ಹೆಂಗಸರನ್ನು ಮಾತಾಡಿಸಿ, ಧ್ವನಿಮುದ್ರಣ ಮಾಡಿ, ಎಲ್ಲವನ್ನೂ ಆ ಹಳೆಯ ಕಂಪ್ಯೂಟರಿಗೆ ಸುರಿದಿದ್ದೆ. ಬೇರೆ ಪ್ರತಿ ಇರಲಿಲ್ಲ. ಪ್ರಬಂಧದ ಜೊತೆ ಮೂಲ ಮುದ್ರಣಗಳನ್ನೂ ಒಪ್ಪಿಸಬೇಕೆಂದು ವಿಭಾಗದವರು ಹೇಳಿದಾಗ ಮಂಚದ ಕೆಳಗಿನಿಂದ ಎಳೆದೆ. ಅದು ಶುರುವಾಗಲಿಲ್ಲ. ಎರಡು ವರ್ಷದ ಕೆಲಸ ಆ ಡಬ್ಬಿಯೊಳಗಿತ್ತು.

ಅಪ್ಪನ ಕೈಲಿ ಹೊರಿಸಿಕೊಂಡು ಎದುರು ಮನೆಗೆ ಹೋದೆ. ಕಾಕಾ ಬೈಯಲಿಲ್ಲ. ಕಾಕು ಬೈದರು: "ಎಷ್ಟ ಸಾಲಿ ಕಲ್ತರೇನು, ಹಿರೇರ ಮಾತು ಅಂದ್ರ ನಿಮಗ ಕಾಳಿನ ಹೊಟ್ಟಿಗೆ ಸಮಾನ." ನಾನು ಕುಣಿಯ ಅಂಚಿಗೆ ಕೂತು ಅಳುವ ಧ್ವನಿಯಲ್ಲಿ ಹೇಳಿದೆ: "ಇದ್ರಾಗ ಶಿರಹಟ್ಟಿ ಅಜ್ಜಿದೊಂದು ಮಾತೈತಿ ಕಾಕಾ. ಕೆಲಸಕ್ಕ ಹೆಸರೈತಿ, ಕೈಗಿಲ್ಲ, ಅಂದಿದ್ಲು. ಇಡೀ ಪ್ರಬಂಧ ಅದರ ಮ್ಯಾಲ ನಿಂತೈತಿ." ನನ್ನ ಮಾರ್ಗದರ್ಶಕರು ಮೆಚ್ಚಿ, ಅಧ್ಯಾಯಕ್ಕೆ ಅದನ್ನೇ ಹೆಸರಾಗಿ ಇಡಿಸಿದ್ದ ಮಾತು ಅದು.

ಮೂರು ದಿನದಲ್ಲಿ ಕಾಕಾ ಎಲ್ಲವನ್ನೂ ಹೊರತೆಗೆದರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಡೈರಿ ತೆಗೆದು ನೋಡಿದರೆ ಒಂಬತ್ತು ದಿನ. ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಸಿಕ್ಕಿಸಿ ಫೈಲುಗಳನ್ನು ಎತ್ತಲು ಒಂದು ದಿನ ಸಾಕಾಯಿತಂತೆ. ಉಳಿದ ಎಂಟು ದಿನ ಅವರು ನೇಯುತ್ತ ನೇಯುತ್ತ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪ್ರತಿಯೊಂದನ್ನೂ ಪೂರ್ತಿ ಕೇಳಿದ್ದರು.

"ಎಲ್ಲಾನೂ ಯಾಕ ಕೇಳಾಕ ಹೋದ್ರಿ ಕಾಕಾ? ತೆರದ್ರ ಸಾಕಿತ್ತಲ್ಲ."

"ತೆರದದ್ದೆಲ್ಲಾ ಪೂರಾ ಇರತೈತೇನು? ನಡುವ ಹರದಿದ್ರ?" ಆಮೇಲೆ ಹೆಡ್‌ಫೋನನ್ನು ನನ್ನ ಕೈಗಿಟ್ಟರು. "ಯವ್ವಾ, ಆ ಮಾತು ಅಜ್ಜಿದಲ್ಲ."

ಕೇಳಿದೆ. ಮೊರದ ಸಪ್ಪಳ. ನಂತರ ನನ್ನದೇ ಉತ್ಸಾಹದ ಧ್ವನಿ: "ಅಂದ್ರ ಅಜ್ಜಿ, ಕೆಲಸಕ್ಕ ಹೆಸರೈತಿ, ಕೈಗಿಲ್ಲ, ಹೌದಿಲ್ಲೋ?" ಮೊರ ಒಂದು ಕ್ಷಣ ನಿಂತಿತು. ಅಜ್ಜಿಯ ಧ್ವನಿ: "ಹೂಂ, ಹಂಗಂತ ತಿಳ್ಕೋ. ಚಾ ಕುಡೀತಿ?"

ನಾನು ಸುಳ್ಳು ಬರೆದಿರಲಿಲ್ಲ. ಅಜ್ಜಿ ಹಾಗೆಂದದ್ದು ನನಗೆ ನಿಚ್ಚಳವಾಗಿ ನೆನಪಿತ್ತು, ಅವಳ ಬಾಯಿ ಅಲುಗಿದ್ದು ಕೂಡ. ಇಂದಿಗೂ ಕಣ್ಣು ಮುಚ್ಚಿದರೆ ಅಲುಗುತ್ತದೆ. ನನ್ನ ನೆನಪಿನ ಮೇಲೆ ನನಗಿದ್ದ ನಂಬಿಕೆ ಹೋದದ್ದು ಅವತ್ತು.

ಆದರೆ ಆ ಗಳಿಗೆಯಲ್ಲಿ ನಾನು ಅಂದದ್ದು ಬೇರೆ. ಅದು ಡೈರಿಯಲ್ಲಿದೆ. "ಇಷ್ಟುದ್ದದ ಮುದ್ರಣ ಯಾರು ಕೇಳತಾರ ಕಾಕಾ? ಅಜ್ಜಿ ಹೂಂ ಅಂದಾಳಲ್ಲ."

ಕಾಕಾ ಬುದ್ಧಿ ಹೇಳಲಿಲ್ಲ. ಲಾಳಿ ಕೈಗೆತ್ತಿಕೊಂಡು ಅಂದರು: "ನನಗೇನ ತಿಳೀತೈತಿ, ನೀ ಕಲತಾಕಿ. ಖರೆ, ಆಕಿ ಚಾ ಕೇಳಿದ್ಲಲ್ಲಾ, ಅದನ್ನ ಯಾಕ ಬರದಿಲ್ಲ?"

ಮನೆಗೆ ಬಂದು ಆ ಅಧ್ಯಾಯ ತೆಗೆದುಹಾಕಿದೆ. ಮಾರ್ಗದರ್ಶಕರು ಸಿಟ್ಟಾದರು, ಒಪ್ಪಿಸುವುದು ಒಂದು ಅವಧಿ ತಡವಾಯಿತು. ಎಲ್ಲ ಮುದ್ರಣಗಳನ್ನೂ ಮತ್ತೆ ಮೊದಲಿನಿಂದ ಕೇಳಿದೆ. ಎಷ್ಟು ಹೆಂಗಸರು ನನ್ನ ದೊಡ್ಡ ಪ್ರಶ್ನೆಗಳನ್ನು ಚಹಾ, ಬಿಸಿಲು, ಬಸ್ಸಿನ ಹೊತ್ತಿನ ಮಾತು ತೆಗೆದು ಮೆಲ್ಲಗೆ ಬದಿಗೆ ಸರಿಸಿದ್ದರೆಂದು ಆಗ ಕಂಡಿತು. ಹೊಸ ಅಧ್ಯಾಯ ಅದರ ಮೇಲೆಯೇ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಹೆಚ್ಚು ಚರ್ಚೆಯಾದದ್ದು ಅದೊಂದೇ ಅಧ್ಯಾಯ.

ಕಾಕಾ ಹೋದ ವರ್ಷ ತೀರಿಕೊಂಡರು. ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ದಿನಕರ್ಮ ಮುಗಿದ ಮೇಲೆ ಕಾಕು ಕುಣಿಗಿಳಿದು ಅದನ್ನು ಮುಗಿಸಿದರು.

ಈ ಬರಹಕ್ಕೆ ಕೂಡುವ ಮುಂಚೆ ಕಾಕಾನ ಮಾತುಗಳನ್ನೆಲ್ಲ ಪಟ್ಟಿ ಮಾಡಿ ಡೈರಿಯೊಂದಿಗೆ ತಾಳೆ ನೋಡಿದೆ. ಉಳಿದವೆಲ್ಲ ಸಿಕ್ಕವು, ಲಾಳಿಯ ಮಾತೊಂದು ಎಲ್ಲೂ ಇಲ್ಲ. ಅದು ಬಹಳ ಚೆನ್ನಾಗಿದೆ. ಅದಕ್ಕೇ ನನಗೆ ಸಂಶಯ. ಎದುರು ಮನೆಗೆ ಹೋದೆ. ಕಾಕು ಕೆಚ್ಚುತ್ತಿದ್ದರು. ಕಾಕಾ ಹಾಕಿದ್ದ ಹಾಸಿನ ಉಳಿದ ಮೊಳಕ್ಕೆ, ಎಳೆಗೊಂದು ಎಳೆ, ಹೊಸ ಹಾಸು. ಪಕ್ಕದಲ್ಲಿ ಅದೇ ಚಿಪ್ಪು. ಮಾನಿಟರಿನ ಮೇಲೆ ಒಂದು ಅರಿವೆ ಹೊದಿಸಿತ್ತು.

"ಕಾಕು, ಲಾಳಿ ಜಲ್ದಿ ಓಡಿದ್ರ ಎಳಿ ಜಲ್ದಿ ಹರೀತೈತಿ ಅಂತ ಕಾಕಾ ಅಂತಿದ್ರಲ್ಲ?"

ಅವರು ತಲೆ ಎತ್ತಲಿಲ್ಲ. ಬೆರಳು ಹೊಸೆಯುತ್ತಲೇ ಇದ್ದವು. "ಅಂದಿರಬೇಕ ಬಿಡ. ಚಾ ಇಡ್ಲೇನು?"

ಮೊದಲು ಚಹಾ ಕುಡಿದೆ. ಕಪ್ಪಿನ ಹಿಡಿಕೆಯ ಮೇಲೆ ಕಾಕುವಿನ ಬೆರಳಿನ ಬೂದಿ ಇತ್ತು. ಮನೆಗೆ ಬಂದು ಚಹಾವನ್ನೂ ಬೂದಿಯನ್ನೂ ಡೈರಿಯಲ್ಲಿ ಬರೆದೆ. ಲಾಳಿಯ ಮಾತನ್ನು ಮೇಲೆ ಹಾಗೆಯೇ ಬಿಟ್ಟಿದ್ದೇನೆ. ಅದು ಕಾಕಾನದಾಗಿರದೆ ನನ್ನದೇ ಆಗಿರಬಹುದು ಎಂದು ತಿಳಿದು ಓದಬೇಕು.