ಊಟದಮ್ಮನ ಅಕ್ಕ

ಕುಳಿತರೂ ಎದ್ದರೂ ಅವರ ಸೊಂಟದಿಂದ ಚರಚರ ಸದ್ದು ಬರುತ್ತಿತ್ತು. ಸೀರೆಯ ನೆರಿಗೆಯೊಳಗೆ ಒಂದು ಪ್ಲಾಸ್ಟಿಕ್ ಕವರು ಮಡಚಿ ಸಿಕ್ಕಿಸಿಕೊಂಡಿರುತ್ತಿದ್ದರು. ಒಲೆಯ ಮುಂದೆ ಬೆವರು ಸುರಿದರೂ ಅದನ್ನು ತೆಗೆದಿಡುತ್ತಿರಲಿಲ್ಲ. ನಾನು ಕೊಡ್ಲಿಪೇಟೆಯಿಂದ ಕುಟ್ಟದ ಹತ್ತಿರದ ಶಾಲೆಗೆ ಟೀಚರಾಗಿ ಹೋದಾಗ ಅವರು ಅಲ್ಲಿ ಬಿಸಿಯೂಟ ಮಾಡುತ್ತಿದ್ದರು. ಮಕ್ಕಳಿಗೂ ನಮಗೂ ಅವರು ಊಟದಮ್ಮ.

ಕವರಿನಲ್ಲಿದ್ದದ್ದು ಭಾರತಕ್ಕೆ ವಾಪಸಾದಾಗ ಸರ್ಕಾರ ಅವರ ಕುಟುಂಬಕ್ಕೆ ಕೊಟ್ಟ ಹಳೆಯ ಕಾರ್ಡು. ಅವರು ಹತ್ತು ವರ್ಷದವರಿದ್ದಾಗ ಆ ತಮಿಳು ಕುಟುಂಬ ಶ್ರೀಲಂಕಾದ ಟೀ ತೋಟದಿಂದ ಹಡಗಿನಲ್ಲಿ ಬಂದಿತ್ತು. ಕಾರ್ಡಿನ ಫೋಟೊದಲ್ಲಿ ಅಪ್ಪ, ಅಮ್ಮ, ಇವರು, ಮೂವರೇ. ಮದುವೆಯಾಗಿದ್ದ ಅಕ್ಕನ ಹೆಸರು ಗಂಡನ ಮನೆಯವರೊಂದಿಗೆ ಆ ದೇಶದ ಪೌರರ ಪಟ್ಟಿಗೆ ಸೇರಿ, ಅವಳು ಅಲ್ಲೇ ಉಳಿದಳು. ಅಕ್ಕನಿಂದ ಎರಡು ಕಾಗದ ಬಂದವಂತೆ. ಆಮೇಲೆ ಅಲ್ಲಿ ಗಲಾಟೆ ಎದ್ದು ಅದೂ ನಿಂತಿತು.

ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಸಾಂಬಾರಿನ ರುಚಿ ನೋಡಿ, “ನಿಮ್ಮೂರು ಯಾವುದಮ್ಮ?” ಎಂದರು. ಅಷ್ಟಕ್ಕೇ ಊಟದಮ್ಮನ ಕೈಯಿಂದ ಸೌಟು ಜಾರಿತು. ಕವರಿನಿಂದ ಕಾರ್ಡು ಬಿಡಿಸಿ ಅಧಿಕಾರಿಯ ಮುಂದೆ ಹಿಡಿದರು. ಪಾಪ, ಆ ಮನುಷ್ಯ ಹೊಗಳಲು ಹೊರಟಿದ್ದರು.

“ಯಾಕಮ್ಮ ಅಷ್ಟು ಹೆದರ್ಕೊಂಡ್ರಿ?” ಎಂದು ಆಮೇಲೆ ಕೇಳಿದೆ.

“ಅಲ್ಲಿ ಇಂಡಿಯಾದವ್ರು ಅಂತಿದ್ರು, ಇಲ್ಲಿ ಸಿಲೋನ್‌ನವ್ರು ಅಂತಾರೆ. ಕೇಳಿದ್ರೆ ತೋರಿಸ್ಲಿಕ್ಕೆ ಬೇಕಲ್ಲ ಟೀಚರೇ.”

ಅವರ ಬದುಕನ್ನೇ ಹಿಡಿದು ನಾನೊಂದು ಕತೆ ಬರೆದೆ. ಕೊನೆಯಲ್ಲಿ ಅಕ್ಕ ಕುಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ತಂಗಿಯನ್ನು ಅಪ್ಪಿಕೊಳ್ಳುತ್ತಾಳೆ. ವಾರಪತ್ರಿಕೆಯಲ್ಲಿ ಅಚ್ಚಾದಾಗ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಓದಿದೆ. ಚಹಾ ತಂದ ಊಟದಮ್ಮ ಬಾಗಿಲಲ್ಲೇ ನಿಂತು ಕೇಳಿದರು.

ಮರುದಿನ ಬೆಲ್ಲಿಗೆ ಮುಂಚೆಯೇ ಗೇಟಿನ ಹತ್ತಿರ ಕಾದಿದ್ದರು. ಕಣ್ಣು ಊದಿತ್ತು.

“ಅಕ್ಕ ಎಲ್ಲಿ ಸಿಕ್ತು ಟೀಚರೇ? ನಂಬರ್ ಉಂಟಾ?”

“ಅದು ಕತೆ ಅಮ್ಮ. ನಾನು ಕಟ್ಟಿದ್ದು.”

“ಕಟ್ಟಿದ್ದು ಅಂದ್ರೆ?”

“ನಿಜ ಅಲ್ಲ.”

ಅವರು ಹೋಗಿ ಅಕ್ಕಿ ತೊಳೆಯತೊಡಗಿದರು. ಆ ದಿನದ ಸಾಂಬಾರಿಗೆ ಉಪ್ಪಿರಲಿಲ್ಲ. ಯಾವ ಮಗುವೂ ದೂರು ಹೇಳಲಿಲ್ಲ. ಮೂರು ದಿನ ನನ್ನ ಮುಖ ನೋಡದವರು ನಾಲ್ಕನೆಯ ದಿನ ತಾವಾಗಿಯೇ ಬಂದರು.

“ಇನ್ನೊಂದು ಬರೀರಿ. ಅದ್ರಲ್ಲಿ ಅಕ್ಕನ ನಿಜ ಹೆಸರು ಹಾಕಿ. ತೋಟದ ಹೆಸರೂ ಹಾಕಿ. ಯಾರಾದ್ರೂ ನೋಡಿ ಹೇಳ್ತಾರೆ.”

“ಅಲ್ಲಿ ಕನ್ನಡ ಯಾರು ಓದ್ತಾರಮ್ಮ?”

“ನಾನು ಇಲ್ಲಿ ಬಂದು ಕಲೀಲಿಲ್ವಾ?”

ಕತೆ ಬರೆಯುವ ಧೈರ್ಯ ನನಗೆ ಬರಲಿಲ್ಲ. ಅವರ ಮಗಳಿಂದ ತಮಿಳಿನಲ್ಲಿ ಕಾಗದ ಬರೆಸಿ, ನನ್ನ ಫೋನ್ ನಂಬರು ಹಾಕಿ, ಆ ತೋಟದ ವಿಳಾಸಕ್ಕೆ ಕಳುಹಿಸಿದೆ. ಅಂದಿನಿಂದ ನನ್ನ ಫೋನ್ ಸದ್ದಾದರೆ ಅಡುಗೆಮನೆಯ ಬಾಗಿಲಲ್ಲಿ ಅವರ ತಲೆ ಕಾಣಿಸುತ್ತಿತ್ತು. ನಾನು ಅಲ್ಲವೆಂದು ತಲೆಯಾಡಿಸಿದರೆ ಒಳಗೆ ಹೋಗುತ್ತಿದ್ದರು. ಎರಡು ವರ್ಷ ಹೀಗೇ ಕಳೆಯಿತು. ಹೋದ ಮಳೆಗಾಲದಲ್ಲಿ ಜ್ವರ ಬಂದು, ಎಂಟೇ ದಿನದಲ್ಲಿ ತೀರಿಕೊಂಡರು.

ಈಗಲೂ ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ನನ್ನ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಗುತ್ತದೆ. ಅಕ್ಕನ ಕರೆ ಬರಲೇ ಇಲ್ಲವಲ್ಲ ಎಂಬ ಸಂಕಟ ಒಂದು ಕಡೆ. ಬಂದೇಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಊಟದಮ್ಮನ ಮಗಳಿಂದ ಹೇಳಿಸಿಕೊಂಡು ಒಂದೇ ಒಂದು ವಾಕ್ಯವನ್ನು ತಮಿಳಿನಲ್ಲಿ ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ: ನಿಮ್ಮ ತಂಗಿ ಕೊನೆಯವರೆಗೂ ನಿಮ್ಮನ್ನು ಕೇಳುತ್ತಿದ್ದರು.