ಬಿಸಿ ಮರಳಿನ ಗಂಟು

ನನ್ನ ಅಣ್ಣ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ದುಡಿಯುತ್ತಿದ್ದ. ಅಲ್ಲಿ ಕುದಿಸಿದ ಭತ್ತವನ್ನು ಸಿಮೆಂಟಿನ ಕಣಕ್ಕೆ ಸುರಿದಾಗ ರಾಶಿಯಿಂದ ಹಬೆ ಏಳುತ್ತದೆ. ಚಳಿಗಾಲದಲ್ಲಿ ನೆನೆಸುವ ತೊಟ್ಟಿಯ ನೀರಿನಲ್ಲಿ ನಿಂತು ಕಾಲು ಜೋಮು ಹಿಡಿದರೆ ಆಳುಗಳೆಲ್ಲ ಆ ರಾಶಿಯಲ್ಲಿ ಕಾಲು ಹೂತು ಕೂರುತ್ತಿದ್ದರು. ಚುರುಚುರು ಎಂದು ಜೀವ ಬರುತ್ತಿತ್ತು. ಬಿಸಿ ತಾಳಲಾರದಾದಾಗ ಕಾಲು ಎಳೆದುಕೊಂಡು ಎದ್ದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಎಲ್ಲರೂ ಎದ್ದರು, ಅಣ್ಣ ಏಳಲಿಲ್ಲ. "ನನಗಿನ್ನಾ ಬಿಸಿನೇ ಹತ್ತವಲ್ದು" ಎಂದು ಬಲಗಾಲನ್ನು ಇನ್ನೂ ಒಳಕ್ಕೆ ಒತ್ತಿದನಂತೆ. ಸಂಜೆಯ ಹೊತ್ತಿಗೆ ಅಂಗಾಲಿನ ಚರ್ಮ ಹಳೆಯ ಕಾಲುಚೀಲದಂತೆ ಸಡಿಲಾಗಿತ್ತು. ನೋವಿರಲಿಲ್ಲ. ನೋವಿಲ್ಲವಲ್ಲ ಎಂದು ಮನೆಯವರೆಲ್ಲ ಸಮಾಧಾನಪಟ್ಟರು.

ಗಾಯ ಕಪ್ಪಾದ ಮೇಲೆ ರಾಯಚೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ದೇವದುರ್ಗದಿಂದ ಬಂದು ಅವನ ಜೊತೆ ಉಳಿದೆ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಬಲಗಾಲನ್ನು ಪಾದದ ಮೇಲಕ್ಕೆ ಕತ್ತರಿಸಿ ತೆಗೆದರು. ಹೋಗುವಾಗ ಎಡಗಾಲು ತೋರಿಸಿ, "ಇದನ್ನ ಚಲೋ ನೋಡ್ಕೋ" ಎಂದರು. ಅಣ್ಣ ತಲೆಯಾಡಿಸಿದ. ಆ ಕಾಲಿಗೂ ಜೋಮು ಏರುತ್ತಿತ್ತು.

ಆ ವಾರ ವಾರ್ಡಿಗೆ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಬಂದಳು. ನರ್ಸುಗಳ ಕೆಲಸ ಹೇಗಿರುತ್ತದೆ, ರೋಗಿಗಳಿಗೆ ತಮ್ಮ ರೋಗ ಎಷ್ಟು ಗೊತ್ತಿರುತ್ತದೆ ಎಂದು ಅಧ್ಯಯನ ಮಾಡುತ್ತಿದ್ದಳಂತೆ. ನಮ್ಮ ನರ್ಸಮ್ಮ ಗಿಲ್ಲೆಸುಗೂರಿನಿಂದ ಬಸ್ಸಿನಲ್ಲಿ ಬರುವಾಕೆ. ಆಚೆ ವಾರ್ಡೂ ಆಕೆಯದೇ. ಅಣ್ಣನ ಪಟ್ಟಿ ಬದಲಿಸುತ್ತಿದ್ದಾಗ ಹುಡುಗಿ ಪಕ್ಕದಲ್ಲಿ ನಿಂತು, ಊಟಕ್ಕೆ ಎಷ್ಟು ಬಿಡುವು ಸಿಗುತ್ತದೆ ಎಂದು ಕೇಳಿದಳು.

"ನನ್ನ ಡಬ್ಬಿ ದಿನಾ ರಾಯಚೂರು ನೋಡ್ಕೊಂಡು ಹಂಗೇ ವಾಪಸ್ ಊರಿಗಿ ಹೋಗತದ ನೋಡ್ರಿ" ಎಂದಳು ನರ್ಸಮ್ಮ, ಕೈ ನಿಲ್ಲಿಸದೆ.

ನರ್ಸಮ್ಮ ಮುಂದಿನ ಹಾಸಿಗೆಗೆ ಹೋದಾಗ ಹುಡುಗಿ ಅಣ್ಣನ ಕಡೆ ತಿರುಗಿದಳು. "ನಿಮಗೆ ಏನು ಕಾಯಿಲೆ ಅಂತ ಗೊತ್ತಾ?"

"ಗೊತ್ತದ್ರಿ. ಸಕ್ರಿ. ಚಹಾದಾಗ ಬಿಟ್ಟೀನಿ."

"ಜಿಲೇಬಿದಾಗ ಬಿಟ್ಟಿಲ್ಲ, ಅದನ್ನೂ ಬರ್ಕೋ ಬೇಟಿ" ಎಂದರು ಪಕ್ಕದ ಹಾಸಿಗೆಯ ಮುದುಕರು, ಮಾರ್ಕೆಟ್ಟಿನಲ್ಲಿ ಹಣ್ಣಿನ ಅಂಗಡಿ ಇಟ್ಟಿದ್ದವರು. ಅಣ್ಣ ನಕ್ಕ. ನಾನು ಅವನ ನಗು ಕಂಡು ಬಹಳ ದಿನವಾಗಿತ್ತು.

"ಈ ಕಾಲಿಗೆ ಏನು ಆರೈಕೆ ಮಾಡ್ತೀರಿ?" ಎಂದು ಹುಡುಗಿ ಎಡಗಾಲು ತೋರಿಸಿದಳು.

"ಜೋಮು ಹಿಡದದ್ರಿ. ಕಾವು ಕೊಟ್ರ ಇಳಿತದ."

ಹುಡುಗಿ ಬರೆದುಕೊಂಡಳು. ಬರೆದುಕೊಳ್ಳುವುದಷ್ಟೇ ಅವಳ ಕೆಲಸವಾಗಿತ್ತು. ನರ್ಸಮ್ಮ ಮಾತ್ರ ಅಲ್ಲಿಂದಲೇ ತಿರುಗಿ ನೋಡಿದಳು. "ಯಣ್ಣಾ, ತಡೀರಿ. ನಾ ಬಂದು ಹೇಳತೀನಿ" ಎಂದಳು. ಅಷ್ಟರಲ್ಲಿ ಬಾಗಿಲಲ್ಲಿ ಸ್ಟ್ರೆಚರ್ ಬಂತು, ಅದರ ಹಿಂದೆ ಇನ್ನೊಂದು. ಟ್ರಾಕ್ಟರ್ ಮಗುಚಿತ್ತಂತೆ. ಆಕೆ ಓಡಿದಳು. ಮಧ್ಯಾಹ್ನವೆಲ್ಲ ನಾನು ಆ ಬಾಗಿಲನ್ನೇ ನೋಡಿದೆ. ಆಕೆ ಏನು ಹೇಳಬೇಕೆಂದಿದ್ದಳೋ ನನಗೆ ತಿಳಿಯದು.

ಹೊತ್ತು ಇಳಿಯುವಾಗ ಗಿರಣಿಯ ಗೆಳೆಯನೊಬ್ಬ ಕಲ್ಲೂರಿನಿಂದ ಮಾತಾಡಿಸಲು ಬಂದ. ಅವರನ್ನು ಬಿಟ್ಟು ನಾನು ಔಷಧಿ ತರಲು ಕೆಳಗೆ ಹೋದೆ. ಸರದಿ ಉದ್ದವಿತ್ತು.

ತಿರುಗಿ ಬಂದಾಗ ಗೆಳೆಯ ಹಾಸಿಗೆಯ ತುದಿಯಲ್ಲಿ ಕೂತು ಟವೆಲಿನ ಗಂಟೊಂದನ್ನು ಅಣ್ಣನ ಎಡಗಾಲಿಗೆ ಒತ್ತಿ ಹಿಡಿದಿದ್ದ. ಹೊರಗಿನ ಚಹಾದಂಗಡಿಯ ಒಲೆಯಲ್ಲಿ ಮರಳು ಹುರಿಸಿ ತಂದಿದ್ದ. ಹಾಗೆ ತರಲು ಹೇಳಿದವನು ಅಣ್ಣನೇ.

"ಸುಡಾಕತ್ತದೇನಲೇ?" ಎಂದ ಗೆಳೆಯ.

"ಏನಿಲ್ಲಲೇ, ಇನ್ನೊಂದೀಟು ಒತ್ತು. ಡಾಕ್ಟರು ಚಲೋ ನೋಡ್ಕೋ ಅಂದಾರ."

ಟವೆಲು ಕಮರಿದ ವಾಸನೆ ಬರುತ್ತಿತ್ತು. ನರ್ಸಮ್ಮ ಎಲ್ಲಿಂದಲೋ ಬಂದು ಗಂಟನ್ನು ಕಿತ್ತುಕೊಂಡಳು, ಅದರ ಬಿಸಿಗೆ ತಾನೇ ಕೈಬಿಟ್ಟಳು. ಮರಳು ನೆಲಕ್ಕೆ ಚೆಲ್ಲಿತು. ಆಕೆ ಯಾರನ್ನೂ ಬೈಯಲಿಲ್ಲ. ಹಾಸಿಗೆಯ ಅಂಚಿಗೆ ಕುಸಿದು ಕೂತಳು. ಆಕೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬಂದು ಹೇಳತೀನಿ ಅಂದಿದ್ನಲ್ಲ ಯಣ್ಣಾ" ಎಂದಳು ಮೆಲ್ಲಗೆ.

"ನೋವಿಲ್ಲ ಬಿಡವ್ವ" ಎಂದು ಅಣ್ಣನೇ ಆಕೆಯನ್ನು ಸಮಾಧಾನ ಮಾಡಿದ.

ಆ ಕಾಲಿನಿಂದ ನಂಜು ಮೈಗೆ ಏರಿತು. ಅವನ ಹೆಣವನ್ನು ಊರಿಗೆ ತಂದಾಗ ಗಿರಣಿಯವರೆಲ್ಲ ಬಂದಿದ್ದರು. ಕಲ್ಲೂರಿನ ಗೆಳೆಯ ದೂರದಲ್ಲಿ ನಿಂತಿದ್ದ.

ಈಗ ಅವ್ವ ದೇವದುರ್ಗದಲ್ಲಿ ನನ್ನ ಜೊತೆ ಇದ್ದಾಳೆ. ಮೊನ್ನೆ ಅವಳ ಸ್ನಾನಕ್ಕೆ ಒಲೆಯ ಮೇಲಿನ ನೀರನ್ನು ಅಗಲವಾದ ಕಬ್ಬಿಣದ ಬುಟ್ಟಿಗೆ ಸುರಿದು, ತಣ್ಣೀರು ತರಲು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ಅವ್ವ ಕಲ್ಲಿನ ಮೇಲೆ ಕೂತು ಬುಟ್ಟಿಯೊಳಗೆ ಕಾಲಿಟ್ಟಿದ್ದಳು. ಅವಳ ಮೊಣಕಾಲಿನ ಸುತ್ತ ಹಬೆ ಆಡುತ್ತಿತ್ತು.

"ನೀರು ಕಾದೇ ಇಲ್ಲಲ್ಲಬೇ" ಎಂದಳು.

ನಾನು ಕಾಲನ್ನು ಹೊರಗೆಳೆದು, ತಣ್ಣೀರು ಸುರಿದು, ತೊಡೆಯ ಮೇಲಿಟ್ಟುಕೊಂಡೆ. ಅದು ಕೆಂಪಗೆ ಬೆಂದಿತ್ತು. ರಾಯಚೂರಿಗೆ ಹೋಗೋಣ, ಈಗಲೇ ಬಸ್ಸಿದೆ ಎಂದೆ.

"ಯಾಕ? ನನಗೇನೂ ನೋಯಾಕತ್ತಿಲ್ಲಲ್ಲ" ಎಂದಳು ಅವ್ವ.